ವಿದ್ಯುದ್ರಥಿಕರಿಗೆ ಬೇಮಳಖೇಡದ ಬಿನ್ನಹ

ವಿದ್ಯುತ್ ಕಾರನ್ನೇರಿ, ಅದರ ನೆತ್ತಿಯ ಮೇಲೆ ಡೇರೆಯನ್ನು ಮಡಿಸಿಟ್ಟುಕೊಂಡು, ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಸಾವಕಾಶವಾಗಿ ಸಂಚರಿಸುತ್ತಿರುವ ಮಹಾಶಯರ ಸನ್ನಿಧಿಗೆ, ಬೀದರ ಜಿಲ್ಲೆಯ ಬೇಮಳಖೇಡದ ನಿವಾಸಿಯೊಬ್ಬನ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ನಾವೆಲ್ಲರೂ ಕ್ಷೇಮ. ಅತ್ತ ತಮ್ಮ ಮತ್ತು ತಮ್ಮ ಬ್ಯಾಟರಿಯ ಕ್ಷೇಮ ಸಮಾಚಾರವನ್ನು, ಅದು ಶೇಕಡಾ 20ಕ್ಕಿಂತ ಕೆಳಗಿಳಿಯುವುದಕ್ಕೆ ಮೊದಲೇ, ಆಗಾಗ್ಗೆ ತಿಳಿಸುತ್ತಿರಬೇಕಾಗಿ ಪ್ರಾರ್ಥನೆ.

ತರುವಾಯ, ತಮ್ಮ ಪಂಥದವರ ಸಂಚಾರಕ್ರಮವು ನಮಗೆ ಕೇವಲ ಅಪರಿಚಿತವಾದುದೇನೂ ಅಲ್ಲ. ಪುಣೆಯಿಂದ ಮಚಲೀಪಟ್ಟಣಕ್ಕೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಬಸವಕಲ್ಯಾಣದ ಹೊರವಲಯದ ಸಸ್ತಾಪುರ ಬಂಗ್ಲಾ, ಹುಮನಾಬಾದ, ಮನ್ನಾಎಖ್ಖೆಳ್ಳಿಗಳನ್ನು ಹಾಯ್ದು ಜಹೀರಾಬಾದಿನ ಕಡೆಗೆ ಸಾಗುವುದರಿಂದ, ದೇಶದಲ್ಲಿ ಹೊಸದಾಗಿ ಹುಟ್ಟಿದ ಯಾವ ವಾಹನವೂ ಒಂದಲ್ಲ ಒಂದು ದಿನ ನಮ್ಮ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಗಮ್ಯಕ್ಕಿಂತ ಗಮನವೇ ದೊಡ್ಡದು, ವೇಗವೆಂಬುದು ನಾಗರಿಕತೆಯ ವ್ಯಾಧಿ, ದಾರಿಯ ಬದಿಯಲ್ಲಿ ತಂಗಿ ನಕ್ಷತ್ರಗಳನ್ನು ನೋಡುತ್ತಾ ಮಲಗುವುದೇ ಪರಮಸುಖ ಎಂಬ ತಮ್ಮ ಸಿದ್ಧಾಂತವೂ ನಮಗೆ ತಿಳಿದುಬಂದಿದೆ. ಹದಿನೈದು ಇಪ್ಪತ್ತು ಲಕ್ಷ ರೂಪಾಯಿಗಳನ್ನು ಚೆಲ್ಲಿ ನಿಧಾನವನ್ನು ಕೊಂಡುಕೊಳ್ಳುವವರು ಈ ಲೋಕದಲ್ಲಿರುವರೆಂಬುದನ್ನು ಕೇಳಿದಾಗ, ನಿಧಾನವೊಂದನ್ನೇ ಪಿತ್ರಾರ್ಜಿತ ಆಸ್ತಿಯಾಗಿ ಪಡೆದಿರುವ ನಮ್ಮಂಥವರಿಗೆ ಎಂತಹ ಸಂತೋಷವಾಗಿರಬಹುದೆಂಬುದನ್ನು ತಾವೇ ಊಹಿಸಿಕೊಳ್ಳಬೇಕು.

ಸಂಚಾರವೆಂದರೆ ಚಕ್ರಗಳ ಮೇಲೆ ಮಾತ್ರ ನಡೆಯತಕ್ಕದ್ದೆಂಬ ಭ್ರಮೆಯು ತಮಗಿದ್ದಲ್ಲಿ ಅದನ್ನು ಮೊದಲೇ ಪರಿಹರಿಸಿಬಿಡುವುದು ಲೇಸು. ನಾವು ಕುಳಿತ ಕಟ್ಟೆಯನ್ನು ಬಿಟ್ಟೇಳದೆಯೇ ಎಷ್ಟೋ ರಾಜ್ಯಗಳನ್ನು ಸುತ್ತಿ ಬಂದವರು. ಕಲ್ಯಾಣದ ಚಾಲುಕ್ಯರ ನಾಡಿನಿಂದ ಹೊರಟು, ಬಹಮನಿಯವರನ್ನೂ ಬರೀದಶಾಹಿಯವರನ್ನೂ ಮೊಗಲರನ್ನೂ ದಾಟಿ, ನಿಜಾಮರ ಸಂಸ್ಥಾನದಲ್ಲಿ ದೀರ್ಘಕಾಲ ಬಿಡಾರ ಮಾಡಿ, ಹಾಲಿ ಸಿಕ್ಕಾ ನಾಣ್ಯವನ್ನು ಎಣಿಸಿ, 1948ರ ಸೆಪ್ಟೆಂಬರಿನಲ್ಲಿ ಭಾರತ ಒಕ್ಕೂಟವನ್ನು ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿಳಿದು, 1973ರಲ್ಲಿ ಕರ್ನಾಟಕವನ್ನು ಹೊಕ್ಕು, 2019ರಲ್ಲಿ ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕಕ್ಕೆ ಬಂದು ತಲುಪಿದ್ದೇವೆ. ಇಷ್ಟೂ ಸಾಲದೆಂಬಂತೆ, ಹುಮನಾಬಾದ ತಾಲ್ಲೂಕಿನಲ್ಲಿದ್ದ ಊರು ಇತ್ತೀಚೆಗೆ ಚಿಟಗುಪ್ಪ ತಾಲ್ಲೂಕಿಗೆ ಪ್ರಯಾಣ ಮಾಡಿದೆ. ಈ ಯಾತ್ರೆಯಲ್ಲಿ ನಮಗೆ ಒಂದು ತೊಟ್ಟು ಇಂಧನವೂ ಖರ್ಚಾಗಲಿಲ್ಲ. ಹೊಗೆಯಂತೂ ಬರಲೇ ಇಲ್ಲ.

ತಮ್ಮ ವಾಹನದ ಮೇಲೆ ನನಗೆ ಯಾವ ದ್ವೇಷವೂ ಇಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಅದು ಸದ್ದಿಲ್ಲದೆ ಬರುತ್ತದೆ, ಸದ್ದಿಲ್ಲದೆ ಹೋಗುತ್ತದೆ. ನಮ್ಮ ಭಾಗದ ಕಬ್ಬಿನ ಟ್ರ್ಯಾಕ್ಟರುಗಳು ಧ್ವನಿವರ್ಧಕವನ್ನು ಕಟ್ಟಿಕೊಂಡು, ಎರಡೆರಡು ಟ್ರಾಲಿಗಳನ್ನು ಎಳೆಯುತ್ತಾ ನಡುರಾತ್ರಿಯಲ್ಲಿ ಊರು ಹಾಯುವುದನ್ನು ಕಂಡವನಿಗೆ ಈ ಗುಣವೊಂದೇ ಸಾಕು, ವಿದ್ಯುತ್ ಕಾರಿಗೆ ಮಂಗಳಾರತಿ ಎತ್ತಲು. ಬೆಂಗಳೂರಿನಲ್ಲಿ 2001ರಷ್ಟು ಹಿಂದೆಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೀದಿಗಿಳಿದುದನ್ನೂ, ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯೊಂದನ್ನು 2017ರಲ್ಲಿ ದೇಶಕ್ಕೆಲ್ಲ ಮೊದಲು ಪ್ರಕಟಿಸಿದ ರಾಜ್ಯ ನಮ್ಮದೇ ಎಂಬುದನ್ನೂ ಅಭಿಮಾನದಿಂದಲೇ ನೆನೆಯುತ್ತೇನೆ. ಆ ರೇವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ನವೀನ್ ರಾಬೆಲ್ಲಿ ಎಂಬ ತರುಣರು 2016ರಲ್ಲಿ ಸೌರಶಕ್ತಿಯಿಂದ ಓಡುವ ಆಟೋರಿಕ್ಷಾವೊಂದನ್ನು ಬೆಂಗಳೂರಿನಿಂದ ಹೊರಡಿಸಿ ಲಂಡನ್ ಮುಟ್ಟಿಸಿದರು. ಇನ್ನು ವೀಬೆ ವಾಕರ್ ಎಂಬ ಡಚ್ ಮಹಾಶಯರ ವೃತ್ತಾಂತವಂತೂ ನಮ್ಮ ನಾಡಿನ ಸಂಪ್ರದಾಯಕ್ಕೆ ಅತ್ಯಂತ ಸಮೀಪವಾದುದು. ಅವರು 2016ರಲ್ಲಿ ನೆದರ್‌ಲೆಂಡ್ಸಿನಿಂದ ಹೊರಟು, 33 ದೇಶಗಳನ್ನು ಹಾಯ್ದು, ಭಾರತದ ಮೂಲಕವೂ ನಡೆದು, ಮೂರು ವರ್ಷಗಳಿಗೂ ಹೆಚ್ಚು ಕಾಲ ದಾರಿಯಲ್ಲೇ ಕಳೆದು, 2019ರ ಏಪ್ರಿಲಿನಲ್ಲಿ ತಮ್ಮ ವಿದ್ಯುತ್ ಕಾರನ್ನು ಆಸ್ಟ್ರೇಲಿಯದ ಸಿಡ್ನಿಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಊಟ, ಹಾಸಿಗೆ, ಕರೆಂಟು ಈ ಮೂರನ್ನೂ ಜನರು ಮನಸಾರೆ ಕೊಟ್ಟದ್ದರಿಂದಲೇ ನಡೆಸಿದರು. ಮನೆಮನೆಯ ಮುಂದೆ ನಿಂತು ಕೋರಾನ್ನಭಿಕ್ಷೆಯನ್ನು ಬೇಡುವ ಜಂಗಮರನ್ನು ತಲೆತಲಾಂತರದಿಂದ ಕಂಡು ಜೋಳಿಗೆಗೆ ಹಿಟ್ಟು ನೀಡಿದ ನಮ್ಮ ತಾಯಂದಿರು, ಜೋಳಿಗೆಯ ಸ್ಥಾನದಲ್ಲಿ ವೈರು ಚಾಚಿದವರನ್ನು ಕಂಡು ಮುಖ ತಿರುಗಿಸುವವರಲ್ಲ.

ಆದರೆ ಮಹಾಶಯರೆ, ಬೀಡುಬಿಟ್ಟು ಮಲಗುವ ವಿದ್ಯೆಯನ್ನು ತಾವು ಕಂಡುಹಿಡಿದಿರೆಂಬ ಧೋರಣೆಯು ತಮ್ಮ ನಡೆನುಡಿಗಳಲ್ಲಿ ಕಾಣುವುದರಿಂದ, ಈ ನೆಲದ ಪರವಾಗಿ ಸ್ವಲ್ಪ ತಕರಾರನ್ನು ದಾಖಲಿಸಬೇಕಾಗಿದೆ. ನಮ್ಮಿಂದ ಒಂದು ದಿನದ ದಾರಿಗೂ ಕಡಿಮೆಯಿರುವ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನಷ್ಟೆ. ಅರಸನಾದವನು ಅನುಭವಿಸತಕ್ಕ ಇಪ್ಪತ್ತು ಉಪಭೋಗಗಳನ್ನು ಅವನು ಅದರಲ್ಲಿ ವಿಂಗಡಿಸಿ ಹೇಳಿರುವಾಗ, ಅನ್ನೋಪಭೋಗ, ಪಾನೀಯೋಪಭೋಗಗಳ ಜೊತೆಗೆ ಯಾನೋಪಭೋಗಕ್ಕೆ ಒಂದು ಅಧ್ಯಾಯವನ್ನೂ ಶಯ್ಯೋಪಭೋಗಕ್ಕೆ ಮತ್ತೊಂದು ಅಧ್ಯಾಯವನ್ನೂ ಮೀಸಲಿಟ್ಟಿದ್ದಾನೆ. ವಾಹನದ ಸುಖವೇ ಬೇರೆ, ಹಾಸಿಗೆಯ ಸುಖವೇ ಬೇರೆ ಎಂಬ ವಿವೇಕವು ಆ ಚಕ್ರವರ್ತಿಗೆ ಇದ್ದಿತು. ಎರಡನ್ನೂ ಕಲಸಿ, ವಾಹನದ ತಲೆಯ ಮೇಲೆಯೇ ಹಾಸಿಗೆಯನ್ನು ಹಾಸಿ, ರಾತ್ರಿ ಮೂತ್ರಶಂಕೆಗೆ ಏಣಿಯನ್ನಿಳಿಯಬೇಕಾದ ಸ್ಥಿತಿಯನ್ನು ಉಪಭೋಗವೆಂದು ಕರೆಯುವ ಧೈರ್ಯವು ತಮ್ಮ ಕಾಲಕ್ಕೇ ಬಂದುದು. ಆ ಮನೆತನದ ಶಾಸನಗಳನ್ನು ನೋಡಿದರೆ ಅರಸರು ಇಂದು ಒಂದು ನೆಲೆವೀಡಿನಲ್ಲಿ, ನಾಳೆ ಮತ್ತೊಂದರಲ್ಲಿ, ಸುಖಸಂಕಥಾವಿನೋದದಿಂದ ಇರುತ್ತಿದ್ದ ಸಂಗತಿ ಪದೇಪದೇ ಬರುತ್ತದೆ. ಅವರಾದರೋ ಬೀಡುಬಿಟ್ಟ ಊರಿಗೆ ಭೂದಾನವನ್ನಾದರೂ ಕೊಟ್ಟು ಹೋಗುತ್ತಿದ್ದರು.

ಅರಸರ ಮಾತು ಹಾಗಿರಲಿ. ಎಳ್ಳಮಾವಾಸ್ಯೆಯ ದಿವಸ ತಾವು ಬೀದರ ಸೀಮೆಯ ಯಾವ ಹೊಲಕ್ಕೆ ಬಂದರೂ ಕಾಣುವಿರಿ: ಜೋಳದ ದಂಟುಗಳನ್ನು ನಿಲ್ಲಿಸಿ ಕಟ್ಟಿದ ಕೊಂಪೆ, ಅದರೊಳಗೆ ಪಾಂಡವರೆಂದು ಪೂಜೆಗೊಂಡ ಐದು ಕಲ್ಲುಗಳು, ಹಸಿಕಾಳು ತರಕಾರಿಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಗಡಿಗೆಯಲ್ಲಿ ಅಂಬಲಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ, ಮತ್ತು ಊರಿಗೆ ಊರೇ ಬಾಗಿಲು ಹಾಕಿಕೊಂಡು ಬಂಡಿಗಳಲ್ಲಿ ಬಂದು ಕೂತಿರುವ ಜನ. ಆ ದಿನ ದಾರಿಹೋಕನು ಹೊಲದ ಬದುವಿನಲ್ಲಿ ಕಂಡರೆ ಅವನನ್ನು ಉಣ್ಣಿಸದೆ ಬಿಡುವುದಿಲ್ಲ. ಇದಕ್ಕೆ ಮುಂಗಡ ಕಾಯ್ದಿರಿಸುವ ಅವಶ್ಯಕತೆಯಿಲ್ಲ. ತಂಗುವವನ ಅಭಿಪ್ರಾಯವನ್ನು ನಕ್ಷತ್ರಗಳ ಲೆಕ್ಕದಲ್ಲಿ ಕೇಳುವ ಪದ್ಧತಿಯೂ ಇಲ್ಲ.

ವರ್ಷವೆಲ್ಲ ಬೀಡಿನಲ್ಲೇ ಬದುಕುವವರೂ ನಮ್ಮಲ್ಲಿ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡನ್ನು ಹೊಡೆದುಕೊಂಡು ಬರುತ್ತಾರೆ. ಅವರ ಕುರಿಗಳು ರಾತ್ರಿಯಿಡೀ ತನ್ನ ಹೊಲದಲ್ಲಿ ನಿಂತು ಗೊಬ್ಬರ ಹಾಕಲೆಂದು ಹೊಲದ ಒಡೆಯನೇ ಅವರಿಗೆ ಕಾಳುಕಡಿ ಕೊಟ್ಟು ಕರೆಯುತ್ತಾನೆ. ಅವರು ಬಿಟ್ಟುಹೋದ ಹೊಲದಲ್ಲಿ ಮರುವರ್ಷ ಬೆಳೆ ಏಳುತ್ತದೆ. ತಾವು ಬಿಟ್ಟುಹೋದ ಜಾಗದಲ್ಲಿ ಬಿಸಿನೀರು ಹೊಯ್ದು ತಿನ್ನುವ ನೂಡಲ್ಸಿನ ಡಬ್ಬಿಯೊಂದು ಎದ್ದಿರುವುದನ್ನು ನಾನೇ ಕಂಡಿದ್ದೇನೆ. ಕಬ್ಬಿನ ಹಂಗಾಮು ಬಂದಿತೆಂದರೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಡಿಯುವ ಟೋಳಿಗಳು ಹೆಂಡಿರು ಮಕ್ಕಳು ಎತ್ತು ಸಹಿತವಾಗಿ ಬಂದು, ರಸ್ತೆಯ ಬದಿಗೆ ರವದಿ ಹೊದಿಸಿದ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ನಸುಕಿನಲ್ಲಿ, ಕೂಸನ್ನು ಗುಡಿಸಲ ಬಾಗಿಲಲ್ಲಿ ಕುಳ್ಳಿರಿಸಿ, ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಬಡಿದು, ಕತ್ತಲಲ್ಲೇ ಕುಡುಗೋಲು ಹಿಡಿದು ಹೊರಡುವ ಆ ತಾಯಿಯು ನಕ್ಷತ್ರಗಳ ಕೆಳಗೆ ಮಲಗಿದ ರಾತ್ರಿಗಳನ್ನು ಲೆಕ್ಕ ಹಾಕಿದರೆ ತಮ್ಮ ಪಂಥದ ಪೀಠಾಧಿಪತ್ಯವನ್ನು ಆಕೆಗೇ ಕೊಡಬೇಕಾದೀತು. ನಮ್ಮೂರವರೂ ಹೀಗೆಯೇ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೋಗಿ, ಕಟ್ಟಡದ ಅಡಿಯಲ್ಲಿ ತಾಡಪತ್ರಿ ಕಟ್ಟಿಕೊಂಡು ಕ್ಯಾಂಪು ಮಾಡುತ್ತಾರೆ. ಸರ್ಕಾರದ ಕಾಗದಗಳಲ್ಲಿ ಇದಕ್ಕೆ ಗುಳೆ ಎಂದು ಹೆಸರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಫಾಲ್ಗುಣದ ಬಿಸಿಲಿನಲ್ಲಿ ತಮ್ಮ ಪಂಥದವರೊಬ್ಬರು ಹೆದ್ದಾರಿಯನ್ನು ಬಿಟ್ಟು, ನೈಜ ಭಾರತವನ್ನು ಕಾಣುವ ಉದ್ದೇಶದಿಂದ ನಮ್ಮ ಕಡೆಗೆ ತಿರುಗಿದರು. ಕಾರಿನ ಮುಂದಿನ ಫಲಕದಲ್ಲಿ ಶೇಕಡಾ 11 ಎಂದು ಕೆಂಪಗೆ ಕಾಣುತ್ತಿದ್ದುದರಿಂದಲೋ ಏನೋ, ನೈಜ ಭಾರತದಲ್ಲಿ ಅವರು ಮೊದಲು ಹುಡುಕಿದ್ದು ಹದಿನೈದು ಆಂಪಿಯರಿನ ಮೂರು ತೂತಿನ ಸಾಕೆಟ್ಟನ್ನು. ಅಂಥದೊಂದು ಹಿಟ್ಟಿನ ಗಿರಣಿಯಲ್ಲಿರುವುದೆಂದು ಹುಡುಗರು ದಾರಿ ತೋರಿಸಿದರು. ಗಿರಣಿಯ ಕಾಕಾ ಅವರು ಹಿಟ್ಟಿನಿಂದ ಬಿಳುಪಾದ ಹುಬ್ಬುಗಳನ್ನೆತ್ತಿ, "ಬರ್ರಿ ಸಾಹೇಬ್ರೆ, ಕುಂಡ್ರಿ. ಲೈಟು ಹೋಗ್ಯಾವ, ಬಂದಮ್ಯಾಲ ನೋಡೋಣಂತ" ಎಂದು ಹೊರಸಿನ ಮೇಲೆ ಜಾಗ ಮಾಡಿಕೊಟ್ಟರು. ಯಾವಾಗ ಬರುತ್ತದೆಂದು ಸಾಹೇಬರು ಕೇಳಿದರು. "ಬಂದಾಗ ಬರ್ತಾವ್ರಿ" ಎಂದು ಉತ್ತರ ಬಂದಿತು. ನಿಧಾನದ ಉಪಾಸಕರಾದ ಅವರು ಈ ಮಾತಿಗೆ ಪುಳಕಿತರಾಗುವರೆಂದು ನಾನು ಎಣಿಸಿದ್ದೆ. ಅವರಾದರೋ ಅರ್ಧ ತಾಸಿನೊಳಗೆ ಹತ್ತು ಸಲ ಕೈಗಡಿಯಾರವನ್ನು ನೋಡಿದರು. ಕಡೆಗೊಮ್ಮೆ ಕರೆಂಟು ಬಂದು ಗಿರಣಿಯ ಪಟ್ಟಿ ತಿರುಗಲಾರಂಭಿಸಿದಾಗ, ಜೋಳದ ಬುಟ್ಟಿಗಳನ್ನು ಸಾಲಿಗಿಟ್ಟು ಕಾದಿದ್ದ ಹೆಂಗಸರಲ್ಲಿ ಒಬ್ಬರು ಎದ್ದು ನಿಂತು, "ಮೊದಲ ನಮ್ಮ ಜ್ವಾಳ ಬೀಸ್ರಿ ಕಾಕಾ, ಆಮ್ಯಾಲ ಅವರ ಗಾಡಿ. ಗಾಡಿ ಏನ್ ರೊಟ್ಟಿ ತಿಂತದೇನು?" ಎಂದರು. ಸಾಹೇಬರಿಗೆ ಭಾಷೆ ಪೂರ್ತಿ ಅರ್ಥವಾಗಲಿಲ್ಲವಾದರೂ ತೀರ್ಪು ಅರ್ಥವಾಯಿತು. ಆ ರಾತ್ರಿ ಅವರು ಗಿರಣಿಯ ಅಂಗಳದಲ್ಲೇ ಡೇರೆಯನ್ನು ಬಿಚ್ಚಿದರು. ಮತ್ತೆ ಕರೆಂಟು ಹೋಗಿ ಫ್ಯಾನು ನಿಂತುದರಿಂದ ಓಣಿಯ ಜನರೆಲ್ಲ ಎಂದಿನಂತೆ ಮಾಳಿಗೆಯ ಮೇಲೂ ಹೊರಸುಗಳ ಮೇಲೂ ಬಯಲಿಗೆ ಬಿದ್ದುಕೊಂಡಿದ್ದುದನ್ನು ಕಂಡು, ಇವರೆಲ್ಲರೂ ಕ್ಯಾಂಪಿಂಗ್ ಹವ್ಯಾಸಿಗಳೇ ಎಂದು ಅವರು ವಿಚಾರಿಸಿದ್ದು ಇಂದಿಗೂ ನಮ್ಮ ಕಟ್ಟೆಯಲ್ಲಿ ನಗೆಯ ಮಾತಾಗಿ ಉಳಿದಿದೆ.

ತಮ್ಮ ಯಂತ್ರದ ಹಸಿವೆಷ್ಟು, ನಮ್ಮ ನೆಲದ ಬಾಯಾರಿಕೆಯೆಷ್ಟು ಎಂಬುದನ್ನು ಒಂದಿಷ್ಟು ಅಂಕಗಣಿತದಿಂದ ನಿವೇದಿಸಲು ಅಪ್ಪಣೆಯಾಗಬೇಕು. ಮಧ್ಯಮ ತರಗತಿಯ ಕಾರೊಂದರ ಬ್ಯಾಟರಿಯು ಸುಮಾರು 40 ಯೂನಿಟ್ಟು ಹಿಡಿಯುವುದೆಂದು ಇಟ್ಟುಕೊಳ್ಳೋಣ. ಮನೆಯ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್ಟಿನಂತೆ ಹರಿದರೆ ಅದು ತುಂಬುವುದಕ್ಕೆ ಹದಿಮೂರು ಹದಿನಾಲ್ಕು ತಾಸು ಬೇಕು. ರೈತನ ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀಫೇಸ್ ಕೊಡುವುದೆಂದು ಸರ್ಕಾರದ ನಿಯಮವುಂಟು. ಐದು ಅಶ್ವಶಕ್ತಿಯ ಪಂಪು ಆ ಏಳು ತಾಸೂ ಬಿಡದೆ ನಡೆದರೆ ತಿನ್ನುವುದು 26 ಯೂನಿಟ್ಟು. ಎಂದರೆ ತಮ್ಮ ಕಾರಿನ ಒಂದು ಹೊಟ್ಟೆಯಲ್ಲಿ ಒಂದು ಹೊಲದ ಒಂದೂವರೆ ದಿನದ ನೀರು ಅಡಗಿದೆ. ಆ ಏಳು ತಾಸಾದರೂ ಒಟ್ಟಿಗೆ ಹಗಲಿನಲ್ಲೇ ಬರಬೇಕೆಂಬ ಕಟ್ಟಳೆಯೇನೂ ಇಲ್ಲದಿರುವುದರಿಂದ, ನಡುರಾತ್ರಿ ತ್ರೀಫೇಸ್ ಬಂದಾಗ ಕಂಬಳಿ ಹೊದ್ದು, ಬ್ಯಾಟರಿ ದೀಪ ಹಿಡಿದು, ಹಾವು ಚೇಳುಗಳಿಗೆ ದಾರಿ ಬಿಟ್ಟುಕೊಡುತ್ತಾ ರೈತನು ಕಬ್ಬಿಗೆ ನೀರು ತಿರುವಲು ಹೋಗುತ್ತಾನೆ. ಚಾರ್ಜಿಂಗ್ ಎಷ್ಟಾಯಿತೆಂದು ತಾವು ಡೇರೆಯಿಂದ ತಲೆಯನ್ನು ಹೊರಹಾಕಿ ನೋಡುವ ವೇಳೆಯೂ ಅದೇ. ಕರೆಂಟಿಗಾಗಿ ಜಾಗರಣೆ ಮಾಡುವ ಈ ಇಬ್ಬರಲ್ಲಿ ಒಬ್ಬರು ಪರಿಸರಪ್ರೇಮಿಗಳೆನಿಸಿ ಮತ್ತೊಬ್ಬರು ಹಿಂದುಳಿದವರೆನಿಸುವುದಕ್ಕೆ ಕಾರಣವೇನೆಂಬುದನ್ನು ಯೋಜನಾ ತಜ್ಞರೇ ಹೇಳಬೇಕು.

ಯಾರದಾದರೂ ಮನೆಯಲ್ಲಿ ಪುಕ್ಕಟೆಯಾಗಿ ಚುಚ್ಚಿಕೊಳ್ಳಬಹುದಲ್ಲ, ಗೃಹಜ್ಯೋತಿ ಇದೆಯಲ್ಲ ಎಂದು ತಾವು ಕೇಳಬಹುದು. 2023ರಿಂದ ಜಾರಿಯಲ್ಲಿರುವ ಆ ಯೋಜನೆಯಲ್ಲಿ ಎಲ್ಲರಿಗೂ ತಿಂಗಳಿಗೆ 200 ಯೂನಿಟ್ಟು ಧರ್ಮವೆಂಬುದು ಪಟ್ಟಣದವರ ಕಲ್ಪನೆ. ಮನೆಯು ಹಿಂದೆ ಸರಾಸರಿ ಎಷ್ಟು ಉರಿಸುತ್ತಿದ್ದಿತೋ ಅದರ ಮೇಲೆ ನೂರಕ್ಕೆ ಹತ್ತರಂತೆ ಹೆಚ್ಚಿಗೆ ಕೊಡುವುದು ಅದರ ಸಾಮಾನ್ಯ ಕ್ರಮ. 60 ಯೂನಿಟ್ಟಿನ ಬಡವರ ಮನೆಗೆ 66ರವರೆಗೆ ಮಾಫಿ. ತಮ್ಮ ಕಾರು ಒಂದು ರಾತ್ರಿ ಅಲ್ಲಿ ಉಂಡುಹೋದರೆ ಮೀಟರು ನೂರನ್ನು ಮುಟ್ಟಿ, 34 ಯೂನಿಟ್ಟಿನ ಬಿಲ್ಲು ಆ ಮನೆಯ ಅವ್ವನ ಕೈಗೆ ಬರುತ್ತದೆ. ಆಕೆ ಅತಿಥಿಯ ಮುಂದೆ ಅದನ್ನು ಬಾಯಿಬಿಟ್ಟು ಹೇಳುವವಳಲ್ಲ. ಆದುದರಿಂದ ನಾನು ಹೇಳುತ್ತಿದ್ದೇನೆ.

ಹೊಗೆಯ ವಿಷಯವೂ ಒಂದಿದೆ. ತಮ್ಮ ಕಾರಿಗೆ ಹೊಗೆಯ ಕೊಳವೆಯಿಲ್ಲವೆಂದು ತಾವು ಹೇಳುವುದು ಅರ್ಧ ಸತ್ಯ. ಅದರ ಕೊಳವೆಯು ಕಾರಿನ ಹಿಂದೆ ಇರದೆ ಶಕ್ತಿನಗರದಲ್ಲಿದೆ. ಅಲ್ಲಿರುವ ರಾಯಚೂರಿನ ಶಾಖೋತ್ಪನ್ನ ಸ್ಥಾವರವು 1985ರಿಂದ ಕಲ್ಲಿದ್ದಲು ಉರಿಸಿ 1,720 ಮೆಗಾವ್ಯಾಟ್ ಶಕ್ತಿಯವರೆಗೆ ಬೆಳೆದಿದೆ. ಬಳ್ಳಾರಿಯ ಕುಡತಿನಿಯಲ್ಲಿರುವುದು 1,700, ಯರಮರಸಿನದು 1,600. ರಾಜ್ಯದ ಅಧೀನದಲ್ಲಿರುವ ಈ ಮೂರೂ ಕಲ್ಲಿದ್ದಲು ಸ್ಥಾವರಗಳು ಕಲ್ಯಾಣ ಕರ್ನಾಟಕದಲ್ಲೇ ಇವೆಯೆಂಬುದು ಆಕಸ್ಮಿಕವಿರಲಾರದು. ನಾಡಿನ ದೀಪಗಳಿಗೆ ನಾವು ಬೂದಿಯನ್ನು ಹೊರುತ್ತೇವೆ. ಗಾಳಿ ಶುದ್ಧವಾಯಿತೆಂಬ ಪ್ರಶಸ್ತಿಯನ್ನು ಬೆಂಗಳೂರು ಪಡೆಯುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರಶಕ್ತಿಯ ತೋಟವೇ ಇರುವಾಗ ಹೀಗನ್ನುವುದು ಅನ್ಯಾಯವೆಂದು ತಾವು ವಾದಿಸಿದರೆ ನಾನು ತಲೆಬಾಗುತ್ತೇನೆ. ಪೆಟ್ರೋಲು ಸುಡುವುದಕ್ಕಿಂತ ಇದು ಮೇಲೆಂಬುದನ್ನೂ ಒಪ್ಪುತ್ತೇನೆ. ಆದರೆ ರಾತ್ರಿ ಹತ್ತರ ಮೇಲೆ ಚುಚ್ಚಿದ ಕರೆಂಟಿಗೆ ಸೂರ್ಯನಾರಾಯಣನು ಹೊಣೆಯಲ್ಲ.

ಇಷ್ಟೆಲ್ಲ ಬರೆದುದರಿಂದ ತಾವು ಬರಲೇಬಾರದೆಂಬುದು ನನ್ನ ಅಭಿಪ್ರಾಯವೆಂದು ತಿಳಿಯಬಾರದು. ಅವಶ್ಯವಾಗಿ ಬನ್ನಿರಿ. ಹುಮನಾಬಾದಿನ ಸಮೀಪದ ಜಲಸಂಗ್ವಿಗೆ ಹೋಗಿ, ಗುಡಿಯ ಹೊರಗೋಡೆಯಲ್ಲಿ ಬೆನ್ನನ್ನು ಅರೆ ತಿರುಗಿಸಿ ನಿಂತು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯನ್ನು ನೋಡಿರಿ. ಸುಮಾರು ಒಂಬೈನೂರು ವರ್ಷಗಳಿಂದ ಒಂದೇ ಬರಹದಲ್ಲಿ ತೊಡಗಿರುವ ಆಕೆಯ ಮುಂದೆ ತಮ್ಮ ನಿಧಾನವೂ ನನ್ನ ನಿಧಾನವೂ ಅವಸರವೇ ಸರಿ. ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಪ್ರಸಾದ ಸ್ವೀಕರಿಸಿರಿ. ಬಸವಕಲ್ಯಾಣದಲ್ಲಿ 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನವರ ಪ್ರತಿಮೆಯನ್ನು ದೂರದಿಂದಲೇ ಕಾಣಬಹುದು. ತಲೆಯೆತ್ತಿ ನೋಡಿಯಾದ ಮೇಲೆ, ಅವರು ಕಾಯಕವನ್ನೂ ದಾಸೋಹವನ್ನೂ ಕುರಿತು ಹೇಳಿದುದನ್ನು ಡೇರೆಯಲ್ಲಿ ಕುಳಿತು ಒಂದಿಷ್ಟು ಓದಿರಿ. ಓದುವುದಕ್ಕೆ ದೀಪ ತಮ್ಮ ಬಳಿ ಇದ್ದೇ ಇದೆ.

ಆ ದೀಪದ ಮಾತೇ ನನ್ನ ಕೊನೆಯ ವಿಜ್ಞಾಪನೆಗೆ ಆಧಾರ. ಈಗಿನ ಕೆಲವು ಕಾರುಗಳಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಹೊರಗೆ ತೆಗೆದು ಚಹಾ ಕಾಸುವ, ಅನ್ನ ಬೇಯಿಸುವ ಸೌಕರ್ಯವುಂಟೆಂದು ಗಿರಣಿಯ ಅಂಗಳದಲ್ಲೇ ಕಣ್ಣಾರೆ ಕಂಡೆವು: ಊರೆಲ್ಲ ಕತ್ತಲಾಗಿದ್ದಾಗ ಆ ಡೇರೆಯೊಂದರಲ್ಲಿ ಬೆಳಕಿದ್ದಿತು. ತುಂಬಿದ 40 ಯೂನಿಟ್ಟಿನ ಕಾರೊಂದು, 9 ವ್ಯಾಟಿನ ಎಲ್‌ಇಡಿ ಬಲ್ಬುಗಳಾದರೆ, ನೂರು ಮನೆಗಳಲ್ಲಿ ನಾಲ್ಕು ನಾಲ್ಕರಂತೆ ಹನ್ನೊಂದು ತಾಸು ಉರಿಸಬಲ್ಲುದು. ಆದುದರಿಂದ, ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಸ್ವಂತ ಹಣದಿಂದ ಹೊಟ್ಟೆ ತುಂಬಿಸಿಕೊಂಡು ನಮ್ಮೂರಿಗೆ ಬರತಕ್ಕದ್ದು; ಮಾರ್ಚಿನ ಪರೀಕ್ಷೆಯ ದಿನಗಳಲ್ಲಿ ಬಂದರೆ ಇನ್ನೂ ಲೇಸು, ಏಕೆಂದರೆ ಹತ್ತನೆಯ ತರಗತಿಯ ಮಕ್ಕಳು ಓದುವ ಹೊತ್ತಿಗೇ ಕರೆಂಟು ಹೋಗುವ ಸಂಪ್ರದಾಯ ನಮ್ಮಲ್ಲಿದೆ. ಶಾಲೆಯ ಅಂಗಳದಲ್ಲಿ ತಮ್ಮ ರಥಕ್ಕೆ ಜಾಗ ಮಾಡಿಸುತ್ತೇವೆ, ರೊಟ್ಟಿ ಪುಂಡಿಪಲ್ಯೆ ನಮ್ಮದು, ಬೆಳಕು ತಮ್ಮದು. ಹೊರಡುವಾಗ ಬ್ಯಾಟರಿ ಕಡಿಮೆ ಬಿದ್ದರೆ ಗಿರಣಿಯ ಕಾಕಾ ಸಾಕೆಟ್ಟನ್ನು ಕೊಡಲು ಒಪ್ಪಿದ್ದಾರೆ. ಯೂನಿಟ್ಟಿನ ದರವನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದಾರೆ, ಚೌಕಾಶಿ ಇಲ್ಲ. ಸಾಲಿನಲ್ಲಿ ಜೋಳದ ಬುಟ್ಟಿಗಳು ಎಷ್ಟೇ ಇರಲಿ, ತಮ್ಮ ಸರದಿ ಅವೆಲ್ಲದರ ನಂತರ.

ಇತಿ ತಮ್ಮ ವಿಶ್ವಾಸಾಕಾಂಕ್ಷಿ,
ಬೇಮಳಖೇಡದ ಒಬ್ಬ ನಿವಾಸಿ